ಚಿಕದೇವರಾಜ ಬಿನ್ನಪದ ವಿನಯ

ಮೇಲುಕೋಟೆಯ ಯದುಗಿರಿ ನಾರಾಯಣನಿಗೆ ಅರ್ಪಿತವಾದ ಮೂವತ್ತು ಬಿನ್ನಪಗಳ 'ಚಿಕದೇವರಾಜ ಬಿನ್ನಪ'ವನ್ನು ರಾಜರ್ಷಿಯೊಬ್ಬನ ಅಂತರಂಗದ ನಿವೇದನೆಯೆಂದು ಕೊಂಡಾಡುವ ರೂಢಿ ನಮ್ಮ ಪಂಡಿತರಲ್ಲಿ ಬೇರೂರಿದೆ. ಅದರ ವಿಶಿಷ್ಟಾದ್ವೈತ ಪಾಂಡಿತ್ಯವನ್ನಾಗಲಿ ಗದ್ಯದ ಗಾಂಭೀರ್ಯವನ್ನಾಗಲಿ ನಾನು ಅಲ್ಲಗಳೆಯೆನು. ಆದರೆ ಅದೇ ದೊರೆಯ ಕಂದಾಯಕ್ಕೆ ಪ್ರಜೆಗಳು ಕೊಟ್ಟ ಉತ್ತರವನ್ನು ಮರೆತು ಈ ಕೃತಿಯನ್ನು ಓದುವುದು ನನಗೆ ಸಮ್ಮತವಲ್ಲ.

ಕಥೆ ಪರಿಚಿತವೇ. 1673ರಿಂದ 1704ರವರೆಗೆ ಮೈಸೂರನ್ನು ಆಳಿದ ಚಿಕದೇವರಾಯನು ಬೆಳೆಯ ಆರನೆಯ ಒಂದು ಪಾಲೆಂಬ ಶಾಸ್ತ್ರದ ಮಿತಿಯನ್ನು ಉಳಿಸಿಕೊಂಡೇ ಅದರ ಸುತ್ತ ಹಲವು ಕಿರುತೆರಿಗೆಗಳನ್ನು ಹೆಣೆದಾಗ, ರೈತರು ಉಳುಮೆ ನಿಲ್ಲಿಸಿ, ನೇಗಿಲುಗಳನ್ನು ಬೋರಲಾಗಿ ಊರಬಾಗಿಲ ಮರಗಳಿಗೆ ತೂಗುಹಾಕಿದರೆಂದೂ, ಅವರಿಗೆ ಬೆಂಬಲವಾಗಿ ನಿಂತ ಜಂಗಮರನ್ನು ನಂಜನಗೂಡಿನಲ್ಲಿ ಕೊಲ್ಲಿಸಲಾಯಿತೆಂದೂ 1810ರಲ್ಲಿ ಬ್ರಿಟಿಷ್ ಇತಿಹಾಸಕಾರ ವಿಲ್ಕ್ಸ್ ಬರೆದನು. ಮಂತ್ರಿ ವಿಶಾಲಾಕ್ಷ ಪಂಡಿತನು 1686ರಲ್ಲಿ ಹತನಾದನು. ಆ ಸ್ಥಾನಕ್ಕೆ ಬಂದವನು ತಿರುಮಲಾರ್ಯ.

ಬಿನ್ನಪವು ದೊರೆಯ ಹೆಸರಿನಲ್ಲಿದ್ದರೂ ರಚನೆ ಈ ತಿರುಮಲಾರ್ಯನದೆಂಬ ಅಭಿಪ್ರಾಯ ಪ್ರಬಲವಾಗಿದೆ. ಹಾಗಿದ್ದಲ್ಲಿ ಇಲ್ಲಿನ 'ನಾನು' ಯಾರು? ಜನರ ಬಾಯಲ್ಲಿ 'ನವಕೋಟಿ ನಾರಾಯಣ'ನೆನಿಸಿದ ಒಡೆಯನನ್ನು ಅವನ ಮಂತ್ರಿಯು ದೇವನಾರಾಯಣನ ಅಡಿಗೆ ಬಾಗಿಸಿ, ಆ ಬಾಗುವಿಕೆಯ ಒಂದೊಂದು ಭಂಗಿಯನ್ನೂ ತಾನೇ ತಿದ್ದುತ್ತಾನೆ. ಬಿನ್ನಪವೆಂಬ ಪ್ರಕಾರದ ಜೀವಾಳವು ಕೇಳುವವನು ಒಪ್ಪಿಯಾನೋ ಒಲ್ಲೆನೆಂದಾನೋ ಎಂಬ ಅಳುಕಿನಲ್ಲಿದೆ. ಅಮೆರಿಕದ ವಸಾಹತುಗಳವರು ಸ್ಟಾಂಪು ಕಾಯಿದೆ ಮತ್ತು ಚಹಾ ಸುಂಕಗಳ ಕಲಹದಲ್ಲಿ ನೊಂದು 1775ರಲ್ಲಿ ಮೂರನೆಯ ಜಾರ್ಜನಿಗೆ ಅರಿಕೆ ಕಳುಹಿಸಿದಾಗ ಅವನು ಅದನ್ನು ಸ್ವೀಕರಿಸಲೇ ಇಲ್ಲ. ಮರುವರ್ಷ ಅವರು ಸ್ವಾತಂತ್ರ್ಯ ಸಾರಿದರು. ಅಂಥ ಅಳುಕು ಈ ಮೂವತ್ತರಲ್ಲಿ ಒಂದರಲ್ಲಿಯೂ ನನಗೆ ಕೇಳಿಸುವುದಿಲ್ಲ. ಬೇಡುವವನಿಗೆ ಕಳೆದುಕೊಳ್ಳುವ ಭಯವೇ ಇಲ್ಲದೆಡೆ ವಿನಯವು ಶೈಲಿಯಾಗಬಲ್ಲದೇ ಹೊರತು ಅನುಭವವಾಗಲಾರದು.

ತತ್ತ್ವಗ್ರಂಥದಲ್ಲಿ ತೆರಿಗೆಯ ಲೆಕ್ಕ ಹುಡುಕುವುದು ಅನ್ಯಾಯವೆಂದು ಆಕ್ಷೇಪಿಸುವವರುಂಟು. ಆ ಆಕ್ಷೇಪವನ್ನು ಎತ್ತುವವರೇ ಇದನ್ನು ದೊರೆಯ ಧರ್ಮಬುದ್ಧಿಗೆ ಸಾಕ್ಷಿಯನ್ನಾಗಿ ನಿಲ್ಲಿಸುತ್ತಾರೆ. ಸಾಕ್ಷಿಗೆ ಕರೆದ ಮೇಲೆ ಪಾಟೀಸವಾಲನ್ನು ತಡೆಯಲಾಗದು. ವಿಲ್ಕ್ಸನ ಕಥನವನ್ನು ಒಪ್ಪದ ಇತಿಹಾಸಕಾರ ಹಯವದನರಾಯರ ಪರಿಶ್ರಮಕ್ಕೆ ನಾನು ತಲೆಬಾಗುತ್ತೇನೆ, ಮತ್ತು ಶತಮಾನ ಕಳೆದ ಮೇಲೆ ಬರೆದ ಪರಕೀಯನನ್ನು ಶಂಕಿಸುವುದು ಯುಕ್ತವೇ. ಆದರೆ ಸಮಕಾಲೀನವೆಂಬ ಒಂದೇ ಕಾರಣಕ್ಕೆ ಆಸ್ಥಾನದ ಲೇಖನಿಯನ್ನು ನಂಬುವುದು ಎಂಥ ನ್ಯಾಯ? ಉತ್ತವನು ಗ್ರಂಥ ಬರೆಯಲಿಲ್ಲ. ಅವನ ಅರಿಕೆ ಮರದ ಮೇಲಿನ ನೇಗಿಲು. 1830ರಲ್ಲಿ ನಗರ ಸೀಮೆಯ ರೈತರು ಕೂಟ ಕಟ್ಟಿ ಕಂದಾಯ ನಿಲ್ಲಿಸಿದಾಗಲಂತೂ ಆ ಅರಿಕೆಯನ್ನು ಕಡೆಗಣಿಸಲಾಗಲಿಲ್ಲ. ಮರುವರ್ಷ ಮೈಸೂರಿನ ಆಡಳಿತವೇ ಕಂಪನಿಯ ಕೈಸೇರಿತು.

ತಿರುಮಲಾರ್ಯನು ನಿಪುಣ ಗದ್ಯಶಿಲ್ಪಿ. ಈ ಕೃತಿಯನ್ನು ಮುಂದೆ ಸಂಪಾದಿಸುವವರು ಅವನ ನೈಪುಣ್ಯವನ್ನು ಅವನ ಹೆಸರಿಗೇ ಬರೆಯಲಿ, ದೊರೆಯ ಧರ್ಮಬುದ್ಧಿಯ ಮಾತನ್ನು ಕೈಬಿಡಲಿ. ಪೀಠಿಕೆಯಲ್ಲಿ ನಂಜನಗೂಡಿಗೆ ನಾಲ್ಕು ಪುಟಗಳನ್ನಾದರೂ ಕೊಡಲಿ.