ತುಂಬಿದ್ದು ತಿಳಿಯದ ಚಾರ್ಜರ್

12 ವೋಲ್ಟ್ ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡ್, ಒಂದು ರೋಧಕ. ಮೊಹರು ಮಾಡಿದ ಸೀಸ-ಆಮ್ಲ ಬ್ಯಾಟರಿಗೆ ಇಷ್ಟೇ ಸಾಕೆನ್ನುವ ಮಂಡಲಚಿತ್ರವನ್ನು ನೀವು ನೋಡಿರಬಹುದು. ಅಗ್ಗ, ರಿಪೇರಿಗೂ ಸುಲಭ. ಆದರೆ ಬ್ಯಾಟರಿ ತುಂಬಿದ್ದು ಅದಕ್ಕೆ ತಿಳಿಯುವುದಿಲ್ಲ.

ಲೆಕ್ಕ ಹಾಕಿ ನೋಡಿ. 12 ವೋಲ್ಟ್ ಎಂಬುದು ಆರ್‌ಎಂಎಸ್ ಬೆಲೆ. ಶೃಂಗಬೆಲೆ ಸುಮಾರು 17. ಡಯೋಡುಗಳಲ್ಲಿ 1.4 ಕಳೆದರೂ 15.6 ವೋಲ್ಟ್ ಉಳಿಯುತ್ತದೆ. ಸದಾ ಜೋಡಿಸಿಡುವ ಬ್ಯಾಟರಿಗೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಕಾದದ್ದು 13.5ರಿಂದ 13.8 ಮಾತ್ರ. ರೋಧಕ ವಿದ್ಯುತ್ಪ್ರವಾಹವನ್ನು ತಗ್ಗಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಹೆಚ್ಚುವರಿ ವಿದ್ಯುತ್ತು ನೀರನ್ನು ವಿಭಜಿಸುತ್ತದೆ. ಮರುಸಂಯೋಗವಾಗದ ಅನಿಲ ಕವಾಟದಿಂದ ಹೊರಹೋಗುತ್ತದೆ. ಅದರಲ್ಲಿರುವ ಹೈಡ್ರೋಜನ್‌ಗೆ ಒಂದು ಕಿಡಿ ಸಾಕು. ಹಳೆಯ ತೆರೆದ ಬ್ಯಾಟರಿಗಾದರೆ ಬಟ್ಟಿ ಇಳಿಸಿದ ನೀರು ಹಾಕಬಹುದಿತ್ತು. ಇಲ್ಲಿ ಆ ದಾರಿ ಮುಚ್ಚಿದೆ. ನಮ್ಮ ಪ್ರಯೋಗಾಲಯದಲ್ಲಿ ಹೀಗೆ ಮರೆತುಬಿಟ್ಟ ಬ್ಯಾಟರಿಯೊಂದು ಸೋಮವಾರದ ಹೊತ್ತಿಗೆ ಬಿಸಿಯಾಗಿ ಉಬ್ಬಿತ್ತು.

ಪರಿಹಾರ ದುಬಾರಿಯಲ್ಲ. 15 ವೋಲ್ಟ್ ಟ್ರಾನ್ಸ್‌ಫಾರ್ಮರ್, ಸೋಸುವ ಕೆಪಾಸಿಟರ್, ಶಾಖಹೀರುಕ ತೊಡಿಸಿದ ಎಲ್‌ಎಂ317 ನಿಯಂತ್ರಕ ಬಳಸಿ. ಬ್ಯಾಟರಿಯ ತುದಿಗಳಲ್ಲಿ 13.7 ವೋಲ್ಟ್ ಮೀರದಂತೆ ಹೊಂದಿಸಿ. 7 ಆಂಪಿಯರ್-ಗಂಟೆಯ ಬ್ಯಾಟರಿಗೆ 0.7 ಆಂಪಿಯರ್ ಸಾಕು. ಮೊದಲು ಬ್ಯಾಟರಿಯ ಮೈಮೇಲಿನ ಮುದ್ರಿತ ಮಿತಿಗಳನ್ನು ಓದಿ, ನಂತರ ಮಲ್ಟಿಮೀಟರಿನಿಂದ ಅಳೆದು ನೋಡಿ. ಮಂಡಲಚಿತ್ರವನ್ನು ನಂಬುವುದು ಆಮೇಲಿನ ಮಾತು.