ಎಷ್ಟು ಹೊತ್ತಾಯಿತು?

ನನ್ನ ಬೀರುವಿನಲ್ಲಿ, ಸೀರೆಗಳ ಹಿಂದೆ, ಒಂದು ಹಳೆಯ ಬಿಸ್ಕೀಟಿನ ಡಬ್ಬಿಯಿದೆ. ಅದರೊಳಗೆ ಐದು ಕೈಗಡಿಯಾರಗಳಿವೆ. ಐದರಲ್ಲಿ ಒಂದನ್ನೂ ನಾನು ಅಂಗಡಿಗೆ ಹೋಗಿ, ನೋಡಿ, ಮೆಚ್ಚಿ, ದುಡ್ಡು ಕೊಟ್ಟು ತಂದದ್ದಲ್ಲ. ಎಲ್ಲವೂ ಯಾರೋ ಕೊಟ್ಟವು, ಇಲ್ಲವೇ ಯಾರಿಂದಲೋ ಉಳಿದವು. ಮೂವತ್ತು ವರ್ಷ ಶಾಲೆಯ ಗಂಟೆಗೆ ಏಳುತ್ತ, ಗಂಟೆಗೆ ಕೂರುತ್ತ ಬದುಕಿದವಳು ತನಗೆಂದು ಒಂದು ವಾಚನ್ನು ಆರಿಸಿಕೊಂಡಿರಲಿಲ್ಲ ಎಂಬುದು ನನಗೇ ಈಚೆಗೆ ಹೊಳೆಯಿತು. ನಿಮ್ಮ ಬೀರುವನ್ನೂ ಒಮ್ಮೆ ತೆರೆದು ನೋಡಿ. ಅಲ್ಲಿಯೂ ಇದೇ ಕತೆ ಇದ್ದೀತು.

ದೀಪಾವಳಿಗೆ ಬಂದಿದ್ದ ಮಗಳು ಬೀರು ಒಪ್ಪಮಾಡುತ್ತ, "ಅಮ್ಮಾ, ಇಷ್ಟನ್ನೆಲ್ಲ ಇಟ್ಟುಕೊಂಡು ಏನು ಮಾಡ್ತೀ? ದಿನಾ ಕಟ್ಟೋದಕ್ಕೆ ಒಂದನ್ನ ಇಟ್ಟುಕೋ, ಉಳಿದದ್ದನ್ನ ಯಾರಿಗಾದ್ರೂ ಕೊಡು" ಎಂದಳು. ಮಾತು ಸರಿಯೇ. ಆದರೆ ಯಾವ ಒಂದು? ಪುಸ್ತಕದ ವಿಮರ್ಶೆ ಬರೆಯುವವರು ಪುಸ್ತಕವನ್ನು ಓದಿ ಬರೆಯಬೇಕು ಎಂಬ ನಿಯಮವಿದೆಯಷ್ಟೆ (ಎಲ್ಲರೂ ಪಾಲಿಸುತ್ತಾರೆಂದು ನಾನು ಹೇಳುತ್ತಿಲ್ಲ). ಹಾಗೆಯೇ ಒಂದೊಂದನ್ನು ಒಂದೊಂದು ವಾರ ಕಟ್ಟಿಕೊಂಡು ನೋಡಿದೆ.

ಮೊದಲನೆಯದು ಅಪ್ಪನ ಎಚ್‌ಎಂಟಿ ಜನತಾ. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಶುರುವಾದ ಕಾರ್ಖಾನೆಯ ಕೂಸು; 17 ಜ್ಯುವೆಲ್, ದಿನಾ ಕೀ ಕೊಡಬೇಕು. ಅಪ್ಪ ಸ್ನಾನ ಮುಗಿಸಿ, ಪಂಚೆ ಉಟ್ಟು, ದೇವರಿಗೆ ಕೈಮುಗಿದು, ಆಮೇಲೆ ಅದಕ್ಕೆ ಕೀ ಕೊಡುತ್ತಿದ್ದರು. ಆ ಕಿರಕಿರ ಸದ್ದು ಕೇಳಿದರೆ ನಾವು ಮಕ್ಕಳು ಚೀಲ ಹುಡುಕುತ್ತಿದ್ದೆವು. ಎಚ್‌ಎಂಟಿ ವಾಚಿನ ಉದ್ಯಮವನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ಅಪ್ಪನ ವಾಚು ಈಗಲೂ ನಡೆಯುತ್ತದೆ. ಆದರೆ ನಮ್ಮದು ಹೊನ್ನಾವರ. ಜೂನಿನಿಂದ ಸೆಪ್ಟೆಂಬರಿನವರೆಗೆ ಆಕಾಶಕ್ಕೆ ಬೇರೆ ಕೆಲಸವಿರುವುದಿಲ್ಲ. ಅರ್ಧ ಶತಮಾನ ದುಡಿದ ಆ ಜೀವವನ್ನು ಈ ಮಳೆಗೆ ಒಡ್ಡಲು ನನಗೆ ಧೈರ್ಯ ಬರಲಿಲ್ಲ. ಮೂರೇ ದಿನಕ್ಕೆ ಡಬ್ಬಿಗೆ ಹಾಕಿದೆ. ವಿಮರ್ಶಕಿ ಇಲ್ಲಿ ಸೋತಳು ಎಂದುಕೊಳ್ಳಿ.

ಎರಡನೆಯದು ಮದುವೆಗೆ ಬಂದದ್ದು. ಬಂಗಾರದ ಬಣ್ಣ, ಬಳೆಯಂಥ ಸರಪಳಿ, ನಡುವೆ ಹುಣಿಸೆಬೀಜದಷ್ಟು ಮುಖ. ಅಂಕಿಗಳಿಲ್ಲ, ಸೆಕೆಂಡಿನ ಮುಳ್ಳೂ ಇಲ್ಲ. ತಯಾರಿಸಿದವರ ಹೆಸರು ಬೇಡ, ಏಕೆಂದರೆ ಆ ಕಾಲದಲ್ಲಿ ಹೆಂಗಸರ ವಾಚೆಂದರೆ ಎಲ್ಲರೂ ಮಾಡುತ್ತಿದ್ದುದು ಹೀಗೆಯೇ. ನಾನು ಹೇಳಹೊರಟ ವಿಷಯಕ್ಕೆಲ್ಲ ಮೂಲ ಈ ವಾಚೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

2009ರ ಮಾತು. ಎಂಟನೆಯ ತರಗತಿಯಲ್ಲಿ ಪಾಠ ಮಾಡುತ್ತಿದ್ದೆ. ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ಕುಸಿದಳು. ಕೈಕಾಲು ಸೆಟೆದವು, ಕಣ್ಣು ಮೇಲೆ ಹೋಯಿತು, ಬಾಯಲ್ಲಿ ನೊರೆ. ಅಪಸ್ಮಾರವೆಂದು ಗೊತ್ತಾಗುವಷ್ಟು ತಿಳಿವಳಿಕೆ ನನಗಿತ್ತು. ಬೆಂಚು ಸರಿಸಿದೆವು, ತಲೆಯ ಕೆಳಗೆ ನನ್ನ ಸೆರಗನ್ನು ಮಡಿಸಿ ಇಟ್ಟೆ, ಪಕ್ಕಕ್ಕೆ ಹೊರಳಿಸಿದೆ. ಕೈಗೆ ಕಬ್ಬಿಣ ಕೊಡಲು ಬಂದವರನ್ನು ಗದರಿಸಿ ಕಳಿಸಿದೆ. ಇಷ್ಟೆಲ್ಲ ಸರಿಯಾಗಿಯೇ ಮಾಡಿದೆ. ಆಟೋದಲ್ಲಿ ಆಸ್ಪತ್ರೆಗೆ ಹೋದಾಗ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ಎಷ್ಟು ಹೊತ್ತು ಇತ್ತು?"

ನಾನು ಹತ್ತು ನಿಮಿಷ ಎಂದೆ. ಜೊತೆಗೆ ಬಂದಿದ್ದ ಸಹೋದ್ಯೋಗಿ ಎರಡು ನಿಮಿಷ ಎಂದರು. ಡಾಕ್ಟರು ನಮ್ಮಿಬ್ಬರ ಮುಖವನ್ನೂ, ಆಮೇಲೆ ನಮ್ಮಿಬ್ಬರ ಕೈಯನ್ನೂ ನೋಡಿದರು. ಇಬ್ಬರ ಕೈಯಲ್ಲೂ ವಾಚಿತ್ತು. ಐದು ನಿಮಿಷ ದಾಟಿದರೆ ಅದು ಜೀವಕ್ಕೆ ಅಪಾಯ, ಚಿಕಿತ್ಸೆಯೇ ಬೇರೆ ಎಂದು ಅವರು ಆಮೇಲೆ ತಿಳಿಸಿ ಹೇಳಿದರು. ಹುಡುಗಿ ಈಗ ಚೆನ್ನಾಗಿದ್ದಾಳೆ, ಸಂತೆಯಲ್ಲಿ ಸಿಕ್ಕರೆ ಮಗುವನ್ನು ತೋರಿಸಿ ನಗುತ್ತಾಳೆ. ನನಗೆ ಮಾತ್ರ ಆ ನೋಟ ಮರೆತಿಲ್ಲ. ನಿಜ ಹೇಳಬೇಕೆಂದರೆ, ಹುಡುಗಿ ಬಿದ್ದೊಡನೆ ನಾನು ವಾಚು ನೋಡಿದ್ದೆ. ಆ ಹುಣಿಸೆಬೀಜದಲ್ಲಿ ಎರಡು ಕೂದಲೆಳೆಗಳು ಎಲ್ಲೋ ಇದ್ದವು. ಹನ್ನೊಂದೂವರೆ ಸುಮಾರು ಎಂಬುದಕ್ಕಿಂತ ಹೆಚ್ಚೇನನ್ನೂ ಅದು ಹೇಳಲಿಲ್ಲ. ಹೆಂಗಸಿಗೆ 'ಸುಮಾರು' ಸಾಕು ಎಂದು ಯಾರೋ ಎಲ್ಲೋ ಕೂತು ತೀರ್ಮಾನಿಸಿದ್ದರು.

ಸೋಜಿಗವೆಂದರೆ, ಮಣಿಕಟ್ಟಿಗೆ ವಾಚು ಕಟ್ಟುವ ಪದ್ಧತಿ ಯೂರೋಪಿನಲ್ಲಿ ಹೆಂಗಸರದೇ ಆಗಿತ್ತು. ಗಂಡಸರು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಕೈಗೆ ಕಟ್ಟುವುದು ಆಭರಣ, ಗಂಡಸಿಗೆ ತಕ್ಕುದಲ್ಲ ಎಂಬ ಭಾವನೆಯಿತ್ತು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಜೇಬಿಗೆ ಕೈ ಹಾಕಲು ಪುರುಸೊತ್ತಿಲ್ಲದಾಗ ಸೈನಿಕರೂ ಕೈಗೆ ಕಟ್ಟಿದರು. ಅಲ್ಲಿಂದೀಚೆಗೆ ಕೆಲಸದ ವಾಚು ಅವರದಾಯಿತು, ಆಭರಣ ನಮ್ಮ ಪಾಲಿಗೆ ಉಳಿಯಿತು.

ಶಾಲೆಯಲ್ಲಿ 25 ವರ್ಷ ತುಂಬಿದಾಗ ಕೊಟ್ಟ ಮೂರನೆಯ ವಾಚಿನ ಬಗ್ಗೆ ಹೇಳುವಂಥದ್ದೇನಿಲ್ಲ; ಹಿಂಬದಿಯಲ್ಲಿ ನನ್ನ ಹೆಸರನ್ನು ತಪ್ಪಾಗಿ ಕೆತ್ತಿದ್ದಾರೆ. ನಾಲ್ಕನೆಯದು ಮಗಳು ಕೊಟ್ಟ ಸ್ಮಾರ್ಟ್ ವಾಚು. ಜಾಣ ಕೂಸು. ಹೆಜ್ಜೆ ಎಣಿಸುತ್ತದೆ, ನಾಡಿ ನೋಡುತ್ತದೆ, ಎಷ್ಟು ಹೊತ್ತಾಯಿತು ಎಂಬುದನ್ನು ಸೆಕೆಂಡಿನ ಲೆಕ್ಕದಲ್ಲಿ ಹೇಳುತ್ತದೆ. ನ್ಯಾಯವಾಗಿ ಅದೇ ಗೆಲ್ಲಬೇಕಿತ್ತು. ಆದರೆ ಒದ್ದೆ ಬೆರಳಿಗೆ, ಹಿಟ್ಟು ಮೆತ್ತಿದ ಬೆರಳಿಗೆ ಅದು ಓಗೊಡುವುದಿಲ್ಲ. ನನ್ನ ಬೆರಳು ದಿನದಲ್ಲಿ ಅರ್ಧ ಹೊತ್ತು ಒದ್ದೆ, ಇನ್ನರ್ಧ ಹೊತ್ತು ಸೀಮೆಸುಣ್ಣ. ಪಾಠದ ನಡುವೆ ಮೆಸೇಜು ಬಂದು ಕೈ ಮಿನುಗಿದರೆ ನಲವತ್ತು ಜೋಡಿ ಕಣ್ಣು ಅತ್ತಲೇ. ಜೊತೆಗೆ ಅದಕ್ಕೆ ರಾತ್ರಿ ಚಾರ್ಜಿನ ಊಟ ಬೇರೆ.

ಐದನೆಯದು ತಮ್ಮನದು. ಅವನು ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದವನು. ಸಿಂಗಪುರದಲ್ಲಿ ಕೊಂಡ ಸೈಕೋ ಕಂಪನಿಯ ಡೈವಿಂಗ್ ವಾಚು, ಎಸ್‌ಕೆಎಕ್ಸ್ 013 ಎಂಬ ಮಾದರಿ. ಈಗ ಅದು ತಯಾರಾಗುವುದಿಲ್ಲ. ಹಡಗು ಬಿಟ್ಟು ಮನೆಯ ಊಟ ಹತ್ತಿದ ಮೇಲೆ ಅವನ ಕೈ ದಪ್ಪವಾಯಿತು. "ಅಕ್ಕಾ, ಇದು ನಿನಗೇ ಸರಿ. ಚಿಕ್ಕದು" ಎಂದು ಕೊಟ್ಟ. ಚಿಕ್ಕದು ಎಂದರೆ 38 ಮಿಲಿಮೀಟರು! ನನ್ನ ಕೈಯಲ್ಲಿ ಅದು ಮೂಡೆಯ ಮೇಲೆ ಮುಚ್ಚಳ ಇಟ್ಟ ಹಾಗೆ ಕಂಡಿತು.

ಡೈವಿಂಗ್ ವಾಚು ಎಂದರೆ ಸಮುದ್ರದ ಆಳಕ್ಕೆ ಇಳಿಯುವವರಿಗಾಗಿ ಮಾಡಿದ್ದು. ನಮ್ಮ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಇಳಿಯುತ್ತಾರಲ್ಲ, ಅಂಥವರಿಗಾಗಿ. 1953ರಲ್ಲಿ ಸ್ವಿಟ್ಜರ್ಲೆಂಡಿನ ಬ್ಲಾಂಪ್ಯಾಂ ಕಂಪನಿ ಫ್ರೆಂಚ್ ನೌಕಾಪಡೆಯ ಮುಳುಗುಗಾರರಿಗೆಂದು 'ಫಿಫ್ಟಿ ಫ್ಯಾದಮ್ಸ್' ಎಂಬುದನ್ನು ಮಾಡಿತು. ಆ ಕಂಪನಿಯ ಯಜಮಾನ ಝಾಂ-ಝಾಕ್ ಫೀಕ್ಟರ್ ಸ್ವತಃ ಮುಳುಗುಗಾರ. ನೀರಿನಡಿ ಹೊತ್ತಿನ ಲೆಕ್ಕ ತಪ್ಪಿ ಗಾಳಿ ಮುಗಿದು ಪಾರಾಗಿ ಬಂದವನು. ರೋಲೆಕ್ಸಿನ ಸಬ್‌ಮರೀನರ್ ಕೂಡ ಅದೇ ಸುಮಾರಿನದು. ಮುಳುಗುವವನಿಗೆ ಈಗ ಗಂಟೆ ಎಷ್ಟು ಎಂಬುದು ಬೇಕಿಲ್ಲ. ಇಳಿದು ಎಷ್ಟು ಹೊತ್ತಾಯಿತು ಎಂಬುದೇ ಬೇಕು. ಅದನ್ನು ಓದುತ್ತಲೇ ನನ್ನ ಮನಸ್ಸು ಆ ಆಸ್ಪತ್ರೆಯ ಮೇಜಿನ ಬಳಿ ಹೋಗಿ ನಿಂತಿತು.

ಇದಕ್ಕೊಂದು ಉಪಾಯವಿದೆ. ಡಯಲಿನ ಸುತ್ತ ನಿಮಿಷಗಳ ಗುರುತಿರುವ ಒಂದು ಉಂಗುರ. ನಾನದನ್ನು ಬಳೆ ಎನ್ನುತ್ತೇನೆ. ಬಳೆಯ ಮೇಲಿನ ತ್ರಿಕೋನವನ್ನು ನಿಮಿಷದ ಮುಳ್ಳಿನ ತುದಿಗೆ ತಿರುಗಿಸಿ ಬಿಟ್ಟರಾಯಿತು. ಆಮೇಲೆ ಯಾವಾಗ ನೋಡಿದರೂ ಮುಳ್ಳು ಬಳೆಯ ಮೇಲೆ ಎಷ್ಟನ್ನು ತೋರಿಸುತ್ತದೋ ಅಷ್ಟು ನಿಮಿಷವಾಗಿದೆ ಎಂದು ಅರ್ಥ. ಕೂಡಿ ಕಳೆಯುವ ಗೋಜಿಲ್ಲ. ಈ ಬಳೆ ಎಡಕ್ಕೆ ಮಾತ್ರ ತಿರುಗುತ್ತದೆ, ಬಲಕ್ಕೆ ತಿರುಗುವುದಿಲ್ಲ. ಏಕೆ ಗೊತ್ತೆ? ಬಂಡೆಗೋ ದೋಣಿಗೋ ತಾಗಿ ಬಳೆ ಜರುಗಿದರೂ ಆದ ಹೊತ್ತಿಗಿಂತ ಹೆಚ್ಚು ಹೊತ್ತಾಗಿದೆ ಎಂದೇ ತೋರಿಸಬೇಕು. ಆಗ ಮುಳುಗಿದವನು ಬೇಗ ಮೇಲೆ ಬರುತ್ತಾನೆ. ಕಡಿಮೆ ತೋರಿಸಿದರೆ ಗಾಳಿ ಮುಗಿದು ಸಾಯುತ್ತಾನೆ. ತಪ್ಪುವುದಾದರೂ ಬದುಕಿನ ಕಡೆಗೇ ತಪ್ಪಲಿ ಎಂದು ಯೋಚಿಸಿ ಮಾಡಿದ ವಸ್ತುವನ್ನು ನಾನು ಬೇರೆ ಹೆಚ್ಚು ಕಂಡಿಲ್ಲ.

ಇಂಥ ವಾಚಿಗೆ ಐಎಸ್‌ಒ 6425 ಎಂಬ ಅಂತರರಾಷ್ಟ್ರೀಯ ನಿಯಮವಿದೆ. ಕಡೆಯಪಕ್ಷ 100 ಮೀಟರು ಆಳದ ಒತ್ತಡ ತಡೆಯಬೇಕು, ಬರೆದ ಆಳಕ್ಕಿಂತ ಕಾಲುಪಾಲು ಹೆಚ್ಚಿನ ಒತ್ತಡದಲ್ಲಿ ಪರೀಕ್ಷೆಯಾಗಬೇಕು, ಕತ್ತಲಲ್ಲಿ 25 ಸೆಂಟಿಮೀಟರು ದೂರದಿಂದ ಓದಲು ಬರಬೇಕು, ವಾಚು ನಡೆಯುತ್ತಿದೆ ಎಂಬುದೂ ಕತ್ತಲಲ್ಲಿ ಕಾಣಬೇಕು. ನಮ್ಮ ಮಾಮೂಲಿ ವಾಚುಗಳ ಹಿಂದೆ '30 ಮೀಟರ್' ಎಂದು ಬರೆದಿರುತ್ತದಲ್ಲ, ಅದನ್ನು ನಂಬಿ ಪಾತ್ರೆ ತೊಳೆಯಲೋ ಬಟ್ಟೆ ಒಗೆಯಲೋ ಇಳಿಯಬೇಡಿ. ಮಳೆಹನಿಗೆ, ಕೈ ತೊಳೆಯುವಾಗಿನ ಸಿಡಿತಕ್ಕೆ ಅದು ತಾಳುತ್ತದೆ ಎಂದಷ್ಟೇ ಅದರ ಅರ್ಥ. ತಮ್ಮನ ವಾಚಿನ ಮೇಲೆ 200 ಎಂದಿದೆ. ಅದರ ಕೀಲಿಯೂ ತಿರುಪಿನಂತೆ ಒಳಗೆ ಕೂತುಕೊಳ್ಳುತ್ತದೆ, ಅದೂ ಮೂರರ ಬಳಿ ಅಲ್ಲ, ನಾಲ್ಕರ ಬಳಿ. ಬೋರ್ಡಿನ ಮೇಲೆ ಬರೆಯುವಾಗ ಮಣಿಕಟ್ಟಿಗೆ ಚುಚ್ಚುವುದಿಲ್ಲ.

ನಮ್ಮ ಪೇಟೆಯ ವಾಚು ರಿಪೇರಿಯವನಿಗೆ ತೋರಿಸಿದಾಗ ಅಂಗೈ ಮುಚ್ಚಿ ಕತ್ತಲು ಮಾಡಿ ಒಳಗೆ ನೋಡಿ, "ಭಾರೀ ರೇಡಿಯಂ ಇದೆ ಅಕ್ಕೋರೇ" ಎಂದ. ಹೊಳೆಯುವುದೆಲ್ಲ ನಮಗೆ ರೇಡಿಯಂ. ಇದರಲ್ಲಿ ರೇಡಿಯಂ ಇಲ್ಲ, ಬೆಳಕು ಕುಡಿದು ಬೆಳಕು ಬಿಡುವ ಬಣ್ಣವಿದೆ ಎಂದೆ. ಆದರೆ ನಿಜವಾದ ರೇಡಿಯಂ ಹಚ್ಚುತ್ತಿದ್ದ ಕಾಲವೊಂದಿತ್ತು. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಎಂಬ ಊರಿನ ಕಾರ್ಖಾನೆಯಲ್ಲಿ 1917ರಿಂದ ಹರೆಯದ ಹುಡುಗಿಯರು ವಾಚಿನ ಅಂಕಿಗಳಿಗೆ ಆ ಬಣ್ಣ ತುಂಬುತ್ತಿದ್ದರು. ಕುಂಚದ ತುದಿ ಚೂಪಾಗಲೆಂದು ತುಟಿಯಲ್ಲಿ ಒತ್ತಿಕೊಳ್ಳಲು ಅವರಿಗೆ ಕಲಿಸಿದ್ದರು. ಹಲ್ಲು ಉದುರಿದವು, ದವಡೆ ಕೊಳೆಯಿತು, ಎಷ್ಟೋ ಜನ ಸತ್ತರು. ಗ್ರೇಸ್ ಫ್ರೈಯರ್ ಮತ್ತು ಇತರ ನಾಲ್ವರು 1927ರಲ್ಲಿ ಕೋರ್ಟು ಹತ್ತಿದರು, 1928ರಲ್ಲಿ ರಾಜಿಯಾಯಿತು. ಕತ್ತಲಲ್ಲಿ ಓದಬಹುದಾದ ಗಂಟೆಗೆ ಯಾರು ಬೆಲೆ ತೆತ್ತರು ಎಂಬುದು ವಾಚಿನ ಜಾಹೀರಾತಿನಲ್ಲಿ ಬರುವುದಿಲ್ಲ.

ಅದೇ 1927ರಲ್ಲಿ ಇನ್ನೊಂದು ಜಾಹೀರಾತು ಬಂತು. ಲಂಡನ್ನಿನ ಶೀಘ್ರಲಿಪಿಗಾರ್ತಿ ಮರ್ಸಿಡಿಸ್ ಗ್ಲೈಟ್ಸ್ ಅಕ್ಟೋಬರ್ 7ರಂದು ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿ ದಾಟಿದಳು. ಬ್ರಿಟಿಷ್ ಹೆಂಗಸರಲ್ಲಿ ಅವಳೇ ಮೊದಲಿಗಳು. ಕೆಲವೇ ದಿನಗಳಲ್ಲಿ ಇನ್ನೊಬ್ಬಾಕೆ ತಾನೂ ಈಜಿದೆನೆಂದು ಸುಳ್ಳು ಹೇಳಿ ಸಿಕ್ಕಿಬಿದ್ದಳು. ಅನುಮಾನ ಮಾತ್ರ ಮರ್ಸಿಡಿಸಳ ತಲೆಗೂ ಸುತ್ತಿಕೊಂಡಿತು. ಅವಳು ಅಕ್ಟೋಬರ್ 21ರಂದು, ಇನ್ನೂ ತಣ್ಣಗಾಗಿದ್ದ ನೀರಿಗೆ, ಎಲ್ಲರ ಕಣ್ಣೆದುರು ಮತ್ತೆ ಇಳಿದಳು. ಹತ್ತು ತಾಸಿಗೂ ಹೆಚ್ಚು ಹೊತ್ತು ಈಜಿದ ಮೇಲೆ ಚಳಿಗೆ ಮೈ ಸೋತು ಅವಳನ್ನು ದೋಣಿಗೆ ಎತ್ತಬೇಕಾಯಿತು. ಕೊರಳಲ್ಲಿ ರೋಲೆಕ್ಸ್ ಆಯ್‌ಸ್ಟರ್ ವಾಚಿತ್ತು, ನಡೆಯುತ್ತಲೇ ಇತ್ತು. ನವೆಂಬರ್ 24ರಂದು ಡೈಲಿ ಮೇಲ್ ಪತ್ರಿಕೆಯ ಮುಖಪುಟದ ತುಂಬ ಆ ವಾಚಿನ ಜಾಹೀರಾತು. ನೀರು ತಡೆಯುವ ವಾಚಿಗೆ ಹೆಣ್ಣಿನ ಕೊರಳೇ ಸಾಕ್ಷಿ ಹೇಳಿತು. ಆಮೇಲಿನ ಜಾಹೀರಾತುಗಳಲ್ಲಿ ನೋಡಿ, ಸಮುದ್ರವೆಲ್ಲ ಗಂಡಸರದು, ನಮಗೆ ಹುಣಿಸೆಬೀಜ.

ಈ ಸೈಕೋ ವಾಚಿನ ದೋಷಗಳನ್ನೂ ಹೇಳಬೇಕು. 13 ಮಿಲಿಮೀಟರು ದಪ್ಪ. ಗಾಜಿನ ಬಳೆಗಳ ಜೊತೆ ಒಂದೇ ಕೈಯಲ್ಲಿ ಬಾಳುವುದಿಲ್ಲ, ಎರಡು ಬಳೆ ಒಡೆದ ಮೇಲೆ ಅವನ್ನೆಲ್ಲ ಬಲಗೈಗೆ ಕಳಿಸಿದೆ. ರೇಷ್ಮೆ ಸೀರೆಗೆ ಒಪ್ಪುವುದಿಲ್ಲ. ಕೈಯ ಅಲುಗಾಟದಿಂದಲೇ ನಡೆಯುವ ಯಂತ್ರ. ಶನಿವಾರ ಮಧ್ಯಾಹ್ನ ಬಿಚ್ಚಿಟ್ಟರೆ ಸೋಮವಾರ ಬೆಳಿಗ್ಗೆ ನಿಂತಿರುತ್ತದೆ, ಕೀ ಕೊಟ್ಟು ಎಬ್ಬಿಸೋಣವೆಂದರೆ ಕೀ ಕೊಡುವ ವ್ಯವಸ್ಥೆಯೇ ಇಲ್ಲ, ಮಗುವನ್ನು ತೂಗಿದ ಹಾಗೆ ತೂಗಬೇಕು. ಮುಳುಗುಗಾರರೇ ಈಗ ಕೈಗೆ ಪುಟ್ಟ ಕಂಪ್ಯೂಟರು ಕಟ್ಟುತ್ತಾರೆ. ಹಾಗಿರುವಾಗ 200 ಮೀಟರಿನ ವಾಚು ಕಟ್ಟಿಕೊಂಡು ಬಚ್ಚಲಿಗಿಂತ ಆಳಕ್ಕೆ ಇಳಿಯದ ನನ್ನಂಥವಳು ನಗೆಪಾಟಲಲ್ಲವೇ ಎಂದು ನೀವು ಕೇಳಬಹುದು. ನಮ್ಮ ಸ್ಟಾಫ್ ರೂಮಿನಲ್ಲಿ ಕೇಳಿಯೂ ಆಯಿತು: "ಏನು ಅಕ್ಕೋರೇ, ಯಜಮಾನರ ವಾಚು ಕಟ್ಟಿಕೊಂಡು ಬಂದಿರಾ?"

ಆದರೂ ಅದನ್ನೇ ಆರಿಸಿದೆ. ಬೆಳಿಗ್ಗೆ ಇಡ್ಲಿ ಪಾತ್ರೆಯಲ್ಲಿ ಹಬೆ ಬಂದೊಡನೆ ಒದ್ದೆ ಬೆರಳಲ್ಲಿ ಬಳೆ ತಿರುಗಿಸುತ್ತೇನೆ. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಎಷ್ಟು ಉಳಿದಿದೆಯೆಂದು ಮಕ್ಕಳಿಗೆ ತಿಳಿಯದಂತೆ ನೋಡುತ್ತೇನೆ. ಹೋದ ಫೆಬ್ರವರಿಯಲ್ಲಿ ಪ್ರಾರ್ಥನೆಯ ಸಾಲಿನಲ್ಲಿ ಒಬ್ಬ ಹುಡುಗ ಬಿದ್ದ. ಅದೇ ಸೆಟೆತ, ಅದೇ ನೊರೆ. ಮಂಡಿಯೂರುವ ಮೊದಲು ಬಳೆ ತಿರುಗಿಸಿದೆ. ಮೂರು ನಿಮಿಷಕ್ಕೆ ಸ್ವಲ್ಪ ಕಡಿಮೆ. ಡಾಕ್ಟರು ಕೇಳುವ ಮೊದಲೇ ಹೇಳಿದೆ. ಅವರು ಬರೆದುಕೊಂಡರು, ಮುಖ ನೋಡಲಿಲ್ಲ.

ಜನತಾ ಡಬ್ಬಿಯಲ್ಲೇ ಇರುತ್ತದೆ, ಭಾನುವಾರ ಕೀ ಕೊಡುತ್ತೇನೆ. ಸ್ಮಾರ್ಟ್ ವಾಚು ಯಜಮಾನರ ಕೈ ಸೇರಿದೆ, ಹೆಜ್ಜೆ ಎಣಿಸಿ ಸಂತೋಷಪಡುತ್ತಿದ್ದಾರೆ. ಹುಣಿಸೆಬೀಜವನ್ನು ಮಗಳೇ ಕೇಳಿ ಒಯ್ದಳು, ರೇಷ್ಮೆ ಸೀರೆಗೆ ಚೆನ್ನಾಗಿ ಕಾಣುತ್ತದಂತೆ. ಹೆಸರು ತಪ್ಪಿರುವ ವಾಚು ಯಾರಿಗಾದರೂ ಬೇಕಿದ್ದರೆ ಹೇಳಿ. ತಮ್ಮನ ವಾಚಿನ ಒಳಗಿನ ರಬ್ಬರು ಇಪ್ಪತ್ತು ವರ್ಷ ಹಳತು. ಅದನ್ನು ಬದಲಿಸಿ ಒತ್ತಡದ ಪರೀಕ್ಷೆ ಮಾಡಿಸದಿದ್ದರೆ ಆ 200ಕ್ಕೆ ಅರ್ಥವಿಲ್ಲ. ಪರೀಕ್ಷೆಯ ಯಂತ್ರ ನಮ್ಮ ರಿಪೇರಿಯವನ ಬಳಿ ಇಲ್ಲ. ಜೂನಿನೊಳಗೆ ಒಂದು ಶನಿವಾರ ಮಂಗಳೂರಿಗೆ ಹೋಗಿ ಬರಬೇಕು.