ದುರ್ಗ ಇವತ್ತು ಬೀಳೋದು ಬೇಡ

2020ರ ಮಾರ್ಚ್ ಕೊನೆಯಲ್ಲಿ, ಕೊರೊನಾ ಲಾಕ್‌ಡೌನ್ ಬಂದಾಗ, ಬೆಂಗಳೂರಿನ ನಾಗಸಂದ್ರದ ನಮ್ಮ ಓಣಿಗೆ ಮೆಟ್ರೊ ಸದ್ದು ಕೇಳುವುದು ನಿಂತಿತು. ಆಗ ಹಸಿರು ಮಾರ್ಗದ ಕೊನೆಯ ನಿಲ್ದಾಣ ನಮ್ಮದೇ. ಆಮೇಲೆ ತುಮಕೂರು ರಸ್ತೆಯ ಲಾರಿಗಳು ನಿಂತವು, ಪೀಣ್ಯದ ಶೆಡ್ಡುಗಳ ಬಾಗಿಲು ಬಿತ್ತು. ನಮ್ಮ ಯಜಮಾನರು ಲೇತ್ ಮೇಲೆ ಕೆಲಸ ಮಾಡುವವರು. ಆರ್ಡರ್ ಇಲ್ಲವೆಂದರೆ ಸಂಬಳವಿಲ್ಲ. ಮನೆ ಬಾಡಿಗೆ, ಚೀಟಿ ಕಂತು, ಅತ್ತೆಯ ಸಕ್ಕರೆ ಕಾಯಿಲೆಯ ಮಾತ್ರೆ ಇವನ್ನೇ ಕೂಡಿ ಕಳೆಯುತ್ತಾ ರಾತ್ರಿ ಎರಡರವರೆಗೆ ಎಚ್ಚರವಾಗಿರುತ್ತಿದ್ದೆವು. ಅಂಥ ಒಂದು ಸಂಜೆ ಅತ್ತೆ ಅಟ್ಟದ ಟ್ರಂಕಿನಿಂದ ಒಂದು ದಪ್ಪ ಪುಸ್ತಕ ತೆಗೆಸಿದರು. ಬೆನ್ನು ಬಿಚ್ಚಿಹೋಗಿ, ಮೈದಾ ಅಂಟು ಹಚ್ಚಿ, ಹಳೆಯ ಕ್ಯಾಲೆಂಡರಿನ ರಟ್ಟು ಹೊದಿಸಿದ ತ.ರಾ.ಸು. ಅವರ ‘ದುರ್ಗಾಸ್ತಮಾನ’. ಕೆಲವು ಪುಟಗಳ ಅಂಚಿನಲ್ಲಿ ಅರಿಶಿನದ ಬೆರಳ ಗುರುತು ಹಾಗೇ ಇತ್ತು.

ಅತ್ತೆ ಹೊಳಲ್ಕೆರೆ ಕಡೆಯವರು. ಚಿತ್ರದುರ್ಗ ಅಂತ ಪೂರ್ತಿ ಹೇಳುವವರಲ್ಲ, ‘ದುರ್ಗ’ ಅಷ್ಟೇ. ಕಣ್ಣಿಗೆ ಪೊರೆ ಬಂದಿದ್ದರಿಂದ ದಿನಾ ಸಂಜೆ ದೀಪ ಹಚ್ಚಿದ ಮೇಲೆ ನಾನು ಓದಿ ಹೇಳಬೇಕು. ಮೂರು ವಾರ ಹೀಗೇ ಸಾಗಿತು. ಕೋಟೆಯ ಮೇಲೆ ಕೊನೆಯ ಮುತ್ತಿಗೆ ಬಿಗಿಯಾಗುತ್ತಿದ್ದ ದಿನ ಅವರು ಪುಟದ ಮೇಲೆ ಅಂಗೈ ಇಟ್ಟುಬಿಟ್ಟರು. “ಸಾಕು ಕಣಮ್ಮ. ದುರ್ಗ ಇವತ್ತು ಬೀಳೋದು ಬೇಡ. ನಾಳೆ ಬೀಳಲಿ.” ಆ ಪುಸ್ತಕವನ್ನು ಅವರು ಅದಾಗಲೇ ಮೂರು ಸಲ ಓದಿದ್ದರು. ಮೊದಲನೆಯದು ಎಂಬತ್ತರ ದಶಕದಲ್ಲಿ, ಮಳೆ ಕೈಕೊಟ್ಟು ಬಾವಿ ಬತ್ತಿದ ವರ್ಷ.

ಕಷ್ಟ ಬಂದಾಗ ಸೋಲಿನ ಕತೆಯನ್ನೇ ಯಾಕೆ ಕೈಗೆತ್ತಿಕೊಳ್ಳುತ್ತಾರೆ? ಕನ್ನಡದ ಐತಿಹಾಸಿಕ ಕಾದಂಬರಿಗಳ ಬಗ್ಗೆ ನಮ್ಮ ವಿಮರ್ಶೆ ಬಹಳ ಮಾತಾಡಿದೆ, ಈ ಪ್ರಶ್ನೆಯನ್ನು ಮಾತ್ರ ಸರಿಯಾಗಿ ಕೇಳಿಕೊಂಡಿಲ್ಲ ಎನ್ನುವುದು ನನ್ನ ದೂರು.

ಇಂಗ್ಲಿಷಿನವರ ದಾರಿ ಬೇರೆ. ಜಾರ್ಜೆಟ್ ಹೈಯರ್ ಕಟ್ಟಿಕೊಟ್ಟ ರೀಜೆನ್ಸಿ ಕಾಲದ ಪ್ರೇಮಕಥೆಗಳಲ್ಲಿ ಕೊನೆಗೆ ಮದುವೆ ಖಚಿತ. ಓದುವವರು ಆ ಭರವಸೆಯ ಮೇಲೆಯೇ ಪುಸ್ತಕ ತೆರೆಯುತ್ತಾರೆ. ಅದನ್ನು ಹಗುರವಾಗಿ ನೋಡಬೇಕಿಲ್ಲ. ರುಮೇನಿಯಾದ ಸೆರೆಮನೆಯಲ್ಲಿ ವರ್ಷಗಟ್ಟಲೆ ಇದ್ದ ರಾಜಕೀಯ ಕೈದಿಯೊಬ್ಬಳು ಹೈಯರ್‌ರ ‘ಫ್ರೈಡೇಸ್ ಚೈಲ್ಡ್’ ಕತೆಯನ್ನು ನೆನಪಿನಿಂದ ಹೇಳಿ ಹೇಳಿ ಜೊತೆಯವರ ಧೈರ್ಯ ಕಾಪಾಡಿದಳಂತೆ. ಬಿಡುಗಡೆಯಾದ ಮೇಲೆ ಲೇಖಕಿಗೆ ಕಾಗದ ಬರೆದು ತಿಳಿಸಿದಳು. ಆ ಕೈದಿಗೆ ಬೇಕಾಗಿದ್ದದ್ದು ಸುಖಾಂತ. ನಮ್ಮ ಅತ್ತೆಗೆ ಬೇಕಾಗಿದ್ದದ್ದು 1779ರಲ್ಲಿ ಹೈದರಾಲಿಯ ಕೈಗೆ ಹೋದ ಕೋಟೆ.

ಕನ್ನಡದ ಐತಿಹಾಸಿಕ ಕಾದಂಬರಿಯ ಪರಂಪರೆ ಹುಟ್ಟಿದ್ದೇ ಅನುವಾದದಲ್ಲಿ. ಬಿ. ವೆಂಕಟಾಚಾರ್ಯರು 1885ರಲ್ಲಿ ಬಂಕಿಮಚಂದ್ರರ ‘ದುರ್ಗೇಶನಂದಿನಿ’ಯನ್ನು ಕನ್ನಡಕ್ಕೆ ತಂದರು. ಉತ್ತರ ಕರ್ನಾಟಕದಲ್ಲಿ ಗಳಗನಾಥರು ಮರಾಠಿಯ ಹರಿ ನಾರಾಯಣ ಆಪಟೆಯವರನ್ನು ತಂದರು. ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡದವರು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು ಅಂತ ಹರಿದು ಹಂಚಿಹೋಗಿದ್ದ ಕಾಲ ಅದು. ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ 1917ರಲ್ಲಿ ಬಂತು. ವಿಜಯನಗರದ ಕತೆ ಓದಿದವರಿಗೆ ನಮಗೂ ಒಂದು ಮನೆಯಿತ್ತು ಅನ್ನಿಸಿತು. ಹಾಗಾಗಿ ಸಮಾಧಾನ ಹೇಳುವುದು ಈ ಬರವಣಿಗೆಯ ಮೊದಲ ದಿನದಿಂದಲೂ ಇದ್ದ ಕಸುಬು.

ಆದರೆ ಗತವೈಭವದ ಸಮಾಧಾನದಲ್ಲಿ ಒಂದು ವಿಷವೂ ಇದೆ. ನಮ್ಮ ರಾಜ ಸೋತದ್ದಕ್ಕೆ ಯಾರೋ ಪರಕೀಯನೇ ಕಾರಣ ಎಂದು ನಂಬಿದರೆ ಮನಸ್ಸು ಹಗುರಾಗುತ್ತದೆ. ವಿಜಯನಗರವನ್ನು ಕುರಿತ ಎಷ್ಟೋ ಕಾದಂಬರಿಗಳು ಈ ಸುಲಭದ ದಾರಿ ಹಿಡಿದವು. ತುರುಕ ಎಂದೊಡನೆ ಕ್ರೂರಿ, ನಮ್ಮವನೆಂದೊಡನೆ ಧೀರ. ಇಂಥ ಪುಸ್ತಕ ಓದಿ ನಿದ್ದೆ ಬರಬಹುದು, ಬೆಳಗ್ಗೆ ಎದ್ದಾಗ ಪಕ್ಕದ ಮನೆಯವನ ಮೇಲೆ ಅನುಮಾನವೂ ಎದ್ದಿರುತ್ತದೆ.

ತ.ರಾ.ಸು. ದೊಡ್ಡವರಾಗುವುದು ಇಲ್ಲೇ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಲ್ಲಿ ದುರ್ಗದ ಶತ್ರು ಏಳು ಸುತ್ತಿನ ಕೋಟೆಯ ಒಳಗೇ ಇದ್ದಾನೆ. ದಳವಾಯಿ ಮುದ್ದಣ್ಣನಿಗೆ ಸಿಂಹಾಸನಕ್ಕಿಂತ ಅದರ ಹಿಂದಿನ ಅಧಿಕಾರ ಬೇಕು. ಅವನ ಕೈಯಲ್ಲಿ ನಾಯಕರು ಏರುತ್ತಾರೆ, ಇಳಿಯುತ್ತಾರೆ. ಪ್ರೀತಿ, ಪ್ರಣಯ ಎಲ್ಲವೂ ಆ ಸಂಚಿನ ನೆರಳಲ್ಲೇ ಅರಳಿ ಅಲ್ಲೇ ಬಾಡುತ್ತವೆ. ಸ್ವಂತ ಮನೆಯೊಳಗೆ ಪಾಲು ಕಂಡವರಿಗೆ, ದಾಯಾದಿಗಳ ವ್ಯಾಜ್ಯ ನೋಡಿದವರಿಗೆ ಇದು ಇತಿಹಾಸದ ಪಾಠವಾಗಿ ಕಾಣುವುದಿಲ್ಲ, ಮನೆಯ ಸುದ್ದಿಯಾಗಿ ಕಾಣುತ್ತದೆ. ಅ.ನ.ಕೃ., ನಿರಂಜನ, ಕಟ್ಟೀಮನಿಯವರ ಜೊತೆ ಪ್ರಗತಿಶೀಲ ಪಂಥದಲ್ಲಿ ನಿಂತವರು ತ.ರಾ.ಸು. ಅರಮನೆಯ ಕತೆ ಬರೆದಾಗಲೂ ಅಧಿಕಾರದ ಬಗೆಗಿನ ಆ ಗುಮಾನಿಯನ್ನು ಅವರು ಬಿಡಲಿಲ್ಲ.

ಅವರ ಗದ್ಯ ಗಟ್ಟಿಯಾಗಿ ಓದುವವರಿಗೆ ಹೇಳಿಮಾಡಿಸಿದ್ದು. ಇದು ನನಗೆ ತಿಳಿದದ್ದು ಆ ಮೂರು ವಾರದಲ್ಲಿ. ಮನಸ್ಸಿನಲ್ಲೇ ಓದಿಕೊಂಡಾಗ ಉದ್ದವಾಯಿತು ಅನ್ನಿಸಿದ ಸಂಭಾಷಣೆ, ಬಾಯಿಬಿಟ್ಟು ಓದಿದೊಡನೆ ನಾಟಕದ ಮಾತಿನ ಹಾಗೆ ತಾನಾಗಿ ಏರಿಳಿಯುತ್ತದೆ. ಉಸಿರು ಎಳೆದುಕೊಳ್ಳುವ ಜಾಗ ಅವರೇ ಬಿಟ್ಟಿರುತ್ತಾರೆ. ಬೇರೆ ಯಾವ ಕೆಲಸವೂ ಕೈಯಲ್ಲಿಲ್ಲದ ಆ ದಿನಗಳಲ್ಲಿ ಆ ಲಯವೇ ನನಗೆ ದಿನಚರಿಯಾಯಿತು. ನವ್ಯದ ಕಾಲದ ವಿಮರ್ಶಕರು ಇದನ್ನೆಲ್ಲ ಜನಪ್ರಿಯ ಸಾಹಿತ್ಯವೆಂದು ಬದಿಗೆ ಸರಿಸಿದರು. ಒಬ್ಬನೇ ಕೂತು ಓದುವ ಓದುಗನಷ್ಟೇ ಅವರ ಕಣ್ಣ ಮುಂದಿದ್ದ. ಕಾಳು ಹಸನು ಮಾಡುತ್ತಾ ಕೇಳುವ ಮನೆಮಂದಿ ಅವರ ಲೆಕ್ಕಕ್ಕೆ ಬರಲಿಲ್ಲ. ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ. ತ.ರಾ.ಸು. ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಅತ್ತೆಯ ಅಂಗೈ ನನಗೆ ತಿಳಿಸಿದ್ದು ಇಷ್ಟು. ನಮ್ಮ ಸಂಕಟಕ್ಕೆ ಆಗ ಕೊನೆ ಯಾವುದೆಂದು ಗೊತ್ತಿರಲಿಲ್ಲ. ಶೆಡ್ಡು ಯಾವತ್ತು ತೆರೆಯುತ್ತದೆ, ಯಾರಿಗೆ ಜ್ವರ ಬರುತ್ತದೆ, ಯಾರೂ ಹೇಳಲಾರರು. ದುರ್ಗದ ಸಂಕಟಕ್ಕೆ ಒಂದು ಕೊನೆಯಿದೆ, ಅದು ಎಲ್ಲರಿಗೂ ಗೊತ್ತು. ಬೇಕಾದರೆ ಅದನ್ನು ಒಂದು ರಾತ್ರಿ ಮುಂದಕ್ಕೆ ಹಾಕಲೂಬಹುದು. ಅಳು ಬಂದರೆ ಅಲ್ಲಿ ಅಳಬಹುದು, ಆ ಅಳುವಿಗೆ ಮರ್ಯಾದೆಯಿದೆ. ಸುಖಾಂತದ ಪುಸ್ತಕ ಆ ಹೊತ್ತಿನಲ್ಲಿ ನಮಗೆ ಸುಳ್ಳೆನಿಸುತ್ತಿತ್ತು.

ಹಾಗೆಂದು ಎಲ್ಲ ದುಃಖಾಂತಗಳನ್ನೂ ಒಪ್ಪಲಾರೆ. ‘ದುರ್ಗಾಸ್ತಮಾನ’ ಮುಗಿದ ಮೇಲೆ ನಾವು ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಹಿಡಿದೆವು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ನೂರಾರು ಹುಡುಗರ ಮೈ ಹುರಿಗೊಳಿಸಿದ ಮನುಷ್ಯ ಇಷ್ಟು ಮೃದುವಾದ ಗದ್ಯ ಬರೆದದ್ದು ನನಗೆ ಈಗಲೂ ಅಚ್ಚರಿ. ಕನ್ನಡದಲ್ಲಿ ಐತಿಹಾಸಿಕ ಪ್ರಣಯಕಥೆ ಎನ್ನಬಹುದಾದ ಪುಸ್ತಕಗಳಲ್ಲಿ ಇದಕ್ಕೆ ಮೊದಲ ಸಾಲಿನ ಜಾಗ. ಹೊಯ್ಸಳ ವಿಷ್ಣುವರ್ಧನ, ಶಾಂತಲೆ, ಗೆಳತಿ ಲಕ್ಷ್ಮಿ ಈ ಮೂವರ ಒಲವನ್ನು ಅಯ್ಯರ್ ಹೆಣೆದ ಬಗೆಗೆ ಎಂಥವರೂ ಸೋಲಬೇಕು. ಕೊನೆಗೆ ಗೆಳತಿಗಾಗಿ ಶಾಂತಲೆ ಪ್ರಾಣ ಬಿಡುತ್ತಾಳೆ. ಅದನ್ನು ಓದಿ ಮುಗಿಸಿದ ದಿನ ಅತ್ತೆ ಅಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವಳು ಯಾಕೆ ಸಾಯಬೇಕಿತ್ತು?” ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ದುರ್ಗ ಬೀಳುವುದಕ್ಕೆ ಇತಿಹಾಸ ಕಾರಣ. ಶಾಂತಲೆ ಹೀಗೆ ಸಾಯುವುದಕ್ಕೆ ಕಾದಂಬರಿಕಾರನ ಆಸೆ ಕಾರಣ. ಹೆಣ್ಣು ತಾನಾಗಿ ದಾರಿ ಬಿಟ್ಟುಕೊಟ್ಟರೆ ಕತೆಗೆ ಚೆಲುವು ಬರುತ್ತದೆಂದು ಈ ಪರಂಪರೆ ಮತ್ತೆ ಮತ್ತೆ ನಂಬಿದೆ. ಮನೆಗಾಗಿ ದಿನವೂ ಸವೆಯುವ ಹೆಂಗಸರೇ ಇಂಥ ಪುಸ್ತಕಗಳನ್ನು ಎದೆಗೊತ್ತಿ ಓದಿದ್ದಾರೆ, ನಾನೂ ಓದಿದ್ದೇನೆ. ನಮ್ಮ ಸವೆತಕ್ಕೆ ಅಲ್ಲಿ ಒಂದು ಹೊಳಪು ಸಿಗುತ್ತದೆ. ಆ ಹೊಳಪು ನೆಮ್ಮದಿ ಕೊಡುತ್ತದೆ, ಸವೆತ ನಿಲ್ಲಿಸುವುದಿಲ್ಲ. ಇದು ಈ ಪರಂಪರೆಯ ದೊಡ್ಡ ಕೊರತೆ.

ಒಳಗಿನಿಂದಲೇ ಇದನ್ನು ತಿದ್ದಿದವರೂ ಇದ್ದಾರೆ. ಸಿ.ಕೆ. ನಾಗರಾಜರಾಯರು ಶಾಸನಗಳನ್ನು ಎದುರಿಗಿಟ್ಟುಕೊಂಡು ‘ಪಟ್ಟಮಹಾದೇವಿ ಶಾಂತಲದೇವಿ’ ಬರೆದರು. ಆತ್ಮಾಹುತಿಯ ಕತೆಯನ್ನು ಅವರು ಒಪ್ಪಲಿಲ್ಲ. 1983ರಲ್ಲಿ ಅದಕ್ಕೆ ಮೂರ್ತಿದೇವಿ ಪ್ರಶಸ್ತಿ ಬಂತು. ಕತೆ ನಿಧಾನ, ಅಯ್ಯರ್ ಅವರ ಮೋಡಿ ಅದರಲ್ಲಿಲ್ಲ. ಆದರೆ ಅಲ್ಲಿ ಶಾಂತಲೆ ರಾಜ್ಯದ ವ್ಯವಹಾರ ತಿಳಿದ, ಬಾಳಿ ಬದುಕಿದ ಹೆಂಗಸು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಇನ್ನೊಂದು ತುದಿ. ಏಕೀಕರಣವಾದ 1956ರಲ್ಲೇ ಬಂದರೂ ಅದು ಯಾವ ಗತವೈಭವದ ಸಮಾಧಾನವನ್ನೂ ಹೇಳುವುದಿಲ್ಲ. ಕೆಟ್ಟ ರಾಜ, ಕೈಬಿಟ್ಟ ಕೊಡಗು, ಅಷ್ಟೇ. ಅದು ದೊಡ್ಡ ಕೃತಿ, ಆದರೆ ನಿದ್ದೆ ಬಾರದ ರಾತ್ರಿಗೆ ಅದನ್ನು ಯಾರ ಕೈಗೂ ಕೊಡಲಾರೆ.

ಆ ಸೆಪ್ಟೆಂಬರಿನಲ್ಲಿ ಮೆಟ್ರೊ ಮತ್ತೆ ಓಡಿತು, ಲೇತ್ ಕೆಲಸವೂ ಶುರುವಾಯಿತು. ಅತ್ತೆಯ ಪೊರೆ ತೆಗೆಸಿದ ಮೇಲೆ ಒಂದು ಭಾನುವಾರ ಶಿವಗಂಗೆಗೆ ಹೋಗಿದ್ದೆವು. ನಮ್ಮ ತುಮಕೂರು ರಸ್ತೆಯಲ್ಲೇ ನೇರ ಹೋಗಿ ಡಾಬಸ್‌ಪೇಟೆಯಲ್ಲಿ ತಿರುಗಿದರೆ ಬೆಟ್ಟ. ಮೇಲೆ ಒಂದು ಬಂಡೆಯಂಚನ್ನು ತೋರಿಸಿ ಶಾಂತಲೆ ಹಾರಿದ್ದು ಇಲ್ಲೇ ಅನ್ನುತ್ತಾರೆ. ಅತ್ತೆ ಕೆಳಗೇ ಕೂತರು, ನಾನೊಬ್ಬಳೇ ಹತ್ತಿ ನೋಡಿ ಬಂದೆ. ಅಯ್ಯರ್ ಅವರನ್ನು ಓದಿದವರು ನಾಗರಾಜರಾಯರನ್ನೂ ಓದಿ ಎಂದು ಕೇಳಿಕೊಳ್ಳುತ್ತೇನೆ. ಶಾಂತಲೆ ಸವತಿಗಂಧವಾರಣ ಬಸದಿ ಕಟ್ಟಿಸಿದ್ದು 1123ರಲ್ಲಿ, ಶ್ರವಣಬೆಳಗೊಳದಲ್ಲಿ. 1131ರಲ್ಲಿ ಅವಳು ಶಿವಗಂಗೆಯಲ್ಲಿ ತೀರಿಕೊಂಡಳು, ಆಮೇಲೆ ತಾಯಿ ಮಾಚಿಕಬ್ಬೆ ಸಲ್ಲೇಖನ ಮಾಡಿದಳು ಎಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಬೆಟ್ಟದಿಂದ ಹಾರಿದ ಮಾತು ಅದರಲ್ಲಿಲ್ಲ.